ಹಿತ್ತಾಳೆ ಫಲಕದ ಇಪ್ಪತ್ತೆಂಟನೆಯ ಹೆಸರು

ನಮ್ಮ ಜರ್ಮನ್ ಜಲಾಂತರ್ಗಾಮಿಯ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎದ್ದು ಹೋಗಿ ಕೈ ತೊಳೆದುಕೊಂಡು ಬರಬೇಕೆನ್ನಿಸುತ್ತದೆ. ನಾವು ಅದನ್ನು ದೋಣಿ ಎಂದಷ್ಟೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ನಲವತ್ತಾರು ಜನರಿದ್ದ ಆ ದೋಣಿ 1943ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಹತ್ತೊಂಬತ್ತು ಜನ ಜೀವ ಉಳಿಸಿಕೊಂಡೆವು. ನಾನು, ಆರ್ನೋ ಟೀಡೆಮನ್, ಅದರ ರೇಡಿಯೋದವನಾಗಿದ್ದೆ. ಈಗ ಎಕರ್ನ್‌ಫ್ಯೋರ್ಡೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ.

ದೋಣಿ ಮುಳುಗಿದ ಹದಿನೆಂಟು ವರ್ಷಗಳ ಮೇಲೆ, ಹೋದ ಏಪ್ರಿಲಿನಲ್ಲಿ, ನಮ್ಮ ಹಳೆಯ ಕಮಾಂಡರ್ ಬ್ರೂನ್ಸ್‌ಹಾಗೆನ್ ಅಂಗಡಿಗೆ ಬಂದ. ಈಗ ಅವನು ಯಾವುದೋ ಬಣ್ಣದ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ನಮ್ಮ ಗೆಳೆಯರ ಸಂಘಕ್ಕೂ ಅವನೇ ಅಧ್ಯಕ್ಷ. ನುಣ್ಣಗೆ ಬೋಳಿಸಿದ ಗಲ್ಲ, ದೋಣಿಯ ಕಾಲದ ಅದೇ ನಿಂಬೆ ವಾಸನೆಯ ಸೆಂಟು. ಬಾಗಿಲು ತೆರೆದ ಕೂಡಲೇ ಆ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

ಎರಡು ಪುಟ ಟೈಪು ಮಾಡಿಸಿ ತಂದಿದ್ದ. ಮೇಜಿನ ಮೇಲಿದ್ದ ರೇಡಿಯೋ ಪೆಟ್ಟಿಗೆಯನ್ನು ಬೆರಳ ತುದಿಯಿಂದ ಆಚೆ ಸರಿಸಿ ಅದನ್ನು ಇಟ್ಟ.

"ದೋಣಿ ಚರಿತ್ರೆ ಕಣಯ್ಯಾ. ಎಲ್ಲಿ ಕಟ್ಟಿದ್ರು, ಎಷ್ಟು ಹಡಗು ಹೊಡೆದ್ವಿ, ಹೆಂಗೆ ಮುಳುಗ್ತು, ಎಲ್ಲಾ ಇದೆ. ಮೇ ತಿಂಗಳ ಊಟದ ದಿನ ನೀನು ಎದ್ದು ಓದ್ಬೇಕು. ಸತ್ತೋರ ಹೆಸರು ಹಿತ್ತಾಳೆ ಫಲಕದಲ್ಲಿ ಕೆತ್ತಿಸ್ತಿದೀವಿ. ಇಪ್ಪತ್ತೇಳು ಹೆಸರು."

"ಇಪ್ಪತ್ತೆಂಟಲ್ವಾ?" ಎಂದೆ.

ಅವನು ನಕ್ಕ. "ಅದಕ್ಕೇ ನೀನು ಓದು ಅಂದಿದ್ದು. ಓಲ್ಟ್‌ಮನ್ಸ್‌ನ ಅಕ್ಕ ಕಾಗದ ಬರೆದಿದಾಳೆ, ತಮ್ಮನ ಹೆಸರೂ ಹಾಕ್ಸಿ ಅಂತ. ಊಟಕ್ಕೂ ಬರ್ತಾಳಂತೆ. ಆ ಇಪ್ಪತ್ತೇಳು ಜನರ ಹೆಂಡ್ತೀರು ತಾಯಂದ್ರು ಮುಂದೆ, ಅವರನ್ನ ಮುಳುಗಿಸಿದೋನ ಹೆಸರು ಕೆತ್ತಿಸೋಕಾಗುತ್ತಾ ಹೇಳು? ನಾನು ಬಾಯಲ್ಲಿ ಹೇಳಿದ್ರೆ ಒರಟಾಗುತ್ತೆ. ರೇಡಿಯೋದವನೇ ಓದಿದ್ರೆ ಯಾರೂ ಎದುರು ಮಾತಾಡಲ್ಲ."

ನಾನು ಆ ಹಾಳೆಗಳನ್ನು ತಳ್ಳಿ ಹಾಕಬಹುದಿತ್ತು. "ಆಯ್ತು, ಬಿಟ್ಟು ಹೋಗಿ" ಎಂದೆ. ಅವನೆದುರು ನನ್ನ ಬಾಯಿಂದ ಬರುವುದು ಯಾವಾಗಲೂ ಇದೇ.

ಅವನು ಹೋದ ಮೇಲೆ ಓದಿದೆ. ಚೆನ್ನಾಗಿ ಬರೆದಿದ್ದ. 1941ರಲ್ಲಿ ಡಾನ್‌ಜಿಗ್‌ನ ಹಡಗುಕಟ್ಟೆಯಿಂದ ನೀರಿಗಿಳಿದದ್ದು, ಬಾಲ್ಟಿಕ್‌ನಲ್ಲಿ ತರಬೇತಿ, ಆಮೇಲೆ ಫ್ರಾನ್ಸಿನ ಲೋರಿಯಾಂ ಬಂದರಿನಿಂದ ನಾಲ್ಕು ಯಾತ್ರೆ. ಹನ್ನೆರಡು ಹಡಗು, ತೊಂಬತ್ತೇಳು ಸಾವಿರ ಟನ್. ಕೊನೆಗೆ, ಕಾವಲಿನವನೊಬ್ಬನ ನಿರ್ಲಕ್ಷ್ಯದಿಂದ ಶತ್ರುನೌಕೆ ಕಣ್ಣಿಗೆ ಬೀಳದೆ, ವೀರಾವೇಶದ ಹೋರಾಟದ ನಂತರ ಜಲಸಮಾಧಿ. ವಾಕ್ಯಗಳೆಲ್ಲ ಇಸ್ತ್ರಿ ಮಾಡಿದ ಹಾಗಿದ್ದವು. ಒಂದರಲ್ಲೂ ವಾಸನೆ ಇರಲಿಲ್ಲ.

ದೋಣಿಯಲ್ಲಿ ವಾಸನೆ ಬಿಟ್ಟರೆ ಬೇರೇನಿತ್ತು? ಎರಡು ಪಾಯಿಖಾನೆಗಳು. ಹೊರಡುವಾಗ ಒಂದರ ತುಂಬ ಹಂದಿ ತೊಡೆ, ಆಲೂಗಡ್ಡೆ ಪೇರಿಸುತ್ತಿದ್ದರು. ಅದು ತಿಂದು ಖಾಲಿಯಾಗುವ ತನಕ ನಲವತ್ತಾರು ಜನಕ್ಕೆ ಒಂದೇ ಗತಿ. ಒಬ್ಬನೆದ್ದ ಹಾಸಿಗೆಯಲ್ಲಿ ಇನ್ನೊಬ್ಬ ಬಿಸಿ ಆರುವ ಮೊದಲೇ ಮಲಗುತ್ತಿದ್ದ. ಸ್ನಾನವಿಲ್ಲ, ಬಟ್ಟೆ ಬದಲಾಯಿಸುವುದಿಲ್ಲ. ಮೈಯ ನಾತ ಮುಚ್ಚಲು ಸರಕಾರವೇ ಸೆಂಟಿನ ಸೀಸೆ ಕೊಡುತ್ತಿತ್ತು. ಮೂರನೆಯ ವಾರಕ್ಕೆ ಬ್ರೆಡ್ಡಿನ ಮೇಲೆ ಬಿಳಿ ಬೂಷ್ಟು ಬೆರಳುದ್ದ ಬೆಳೆಯುತ್ತಿತ್ತು. ಅಡುಗೆಯ ಕುನೋ ಅದನ್ನು ಕಿವಿ ಹಿಡಿದವನಂತೆ ಎತ್ತಿ ತೋರಿಸುತ್ತಿದ್ದ.

"ತಗಳ್ರಪ್ಪಾ, ಇವತ್ತು ಮೊಲದ ಮಾಂಸ! ಇನ್ನೂ ಜೀವ ಐತೆ, ಓಡೋಗೋಕೆ ಮುಂಚೆ ತಿನ್ರಿ."

ನಗುತ್ತಿದ್ದೆವು, ತಿನ್ನುತ್ತಿದ್ದೆವು. ಅದರ ಬಗ್ಗೆ ಈಗ ನನಗೆ ಅಷ್ಟೇನೂ ಅಸಹ್ಯವಿಲ್ಲ. ಬೂಷ್ಟಿಗೆ ಯಾವ ದುರಾಸೆಯೂ ಇರಲಿಲ್ಲ.

ದುರಾಸೆ ಇದ್ದದ್ದು ಬ್ರೂನ್ಸ್‌ಹಾಗೆನ್‌ಗೆ. ಲಕ್ಷ ಟನ್ ಮುಳುಗಿಸಿದವರಿಗೆ ಕುತ್ತಿಗೆಗೆ ಹಾಕಿಕೊಳ್ಳುವ ಶಿಲುಬೆ ಪದಕ ಸಿಗುತ್ತಿತ್ತು. ಅದಕ್ಕಾಗಿ ಬಾಯಿಬಿಡುವ ಕಮಾಂಡರುಗಳಿಗೆ ನಾವು ನಾವಿಕರು "ಗಂಟಲು ನೋವಿನವರು" ಎನ್ನುತ್ತಿದ್ದೆವು. "ನಮ್ ಯಜಮಾನ್ರಿಗೆ ಗಂಟ್ಲು ಭಾರಿ ಊದ್ಕೊಂಡೈತೆ ಕಣ್ರೋ, ಹಡಗಿನ ಹೊಗೆ ಕಂಡ್ರೂ ಕೆಮ್ತಾರೆ" ಎಂದು ಕುನೋ ಆಡಿಕೊಳ್ಳುತ್ತಿದ್ದ.

ಹಡಗುಗಳ ನೆರಳುಚಿತ್ರಗಳಿದ್ದ ದಪ್ಪ ಪುಸ್ತಕವೊಂದು ದೋಣಿಯಲ್ಲಿತ್ತು. ಹೊಡೆದ ಹಡಗು ಯಾವುದು, ಎಷ್ಟು ಟನ್ ಎಂದು ಅದರಲ್ಲಿ ನೋಡಿ ಬರೆಯಬೇಕು. ಬ್ರೂನ್ಸ್‌ಹಾಗೆನ್ ಒಂದೇ ಆಕಾರದ ನಾಲ್ಕು ಹಡಗುಗಳಿದ್ದರೆ ನಾಲ್ಕರಲ್ಲಿ ದೊಡ್ಡದರ ಮೇಲೆ ಬೆರಳಿಡುತ್ತಿದ್ದ. ಎರಡನೆಯ ಯಾತ್ರೆಯಲ್ಲಿ ನಾವು ಹೊಡೆದದ್ದು ಆಸ್ಪಾಸಿಯಾ ಎಂಬ ಗ್ರೀಕ್ ಹಡಗು. ಮುಳುಗುತ್ತಾ ಅದು ರೇಡಿಯೋದಲ್ಲಿ ತನ್ನ ಹೆಸರನ್ನೇ ಕೂಗಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹದಿನಾಲ್ಕು ಜನ ನೀರಿನಲ್ಲಿದ್ದೇವೆ ಎಂದೂ ಹೇಳಿತು. ಎರಡು ಸಾವಿರದ ನೂರು ಟನ್ನಿನ ಹಳೆಯ ಡಬ್ಬ.

"ಆರು ಸಾವಿರದ ಎಂಟುನೂರು ಅಂತ ಬರ್ಕೋ" ಎಂದ ಬ್ರೂನ್ಸ್‌ಹಾಗೆನ್.

"ಅದೇ ಹೆಸರು ಹೇಳ್ತಲ್ಲ ಕಮಾಂಡರ್, ಆಸ್ಪಾಸಿಯಾ ಅಂತ."

"ಮುಳುಗ್ತಾ ಇರೋರ ಮಾತು ನಂಬ್ತೀಯಾ? ಬರಿ."

ಬರೆದೆ. ಆ ಹದಿನಾಲ್ಕು ಜನರ ವಿಷಯ ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಲೋರಿಯಾಂಗೆ ಮರಳುವಾಗ ಪ್ರತಿ ಹಡಗಿಗೊಂದರಂತೆ ಬಟ್ಟೆಯ ಪತಾಕೆ ಹೊಲಿದು, ಟನ್ನಿನ ಸಂಖ್ಯೆ ಬರೆದು ಕಟ್ಟುವುದು ಪದ್ಧತಿ. ಆಸ್ಪಾಸಿಯಾದ ಪತಾಕೆ ಹೊಲಿದವನು ನಾನೇ. ದಡದಲ್ಲಿ ವಾದ್ಯ ಬಾರಿಸಿದರು. ಹೂ ಕೊಡಲು ಬಂದ ನರ್ಸುಗಳು ನಮ್ಮ ನಾತಕ್ಕೆ ಉಸಿರು ಬಿಗಿಹಿಡಿದು ನಗುತ್ತಿದ್ದರು. ಅವರದ್ದೇ ಸರಿ.

ಇನ್ನು ತ್ಯಾರ್ಕ್ ಓಲ್ಟ್‌ಮನ್ಸ್. ಲೇರ್ ಪಟ್ಟಣದ ಹತ್ತಿರದ ಹಳ್ಳಿಯವನು, ಇಪ್ಪತ್ತಮೂರು ವರ್ಷ, ಮಾತು ಕಡಿಮೆ. ಕಣ್ಣು ಎಂತಹದೆಂದರೆ ದುರ್ಬೀನಿನಲ್ಲಿ ಬೇರೆಯವರು ನೋಡುವ ಮೊದಲೇ ಅವನು ಬರಿಗಣ್ಣಲ್ಲಿ ಹೊಗೆ ಹಿಡಿಯುತ್ತಿದ್ದ. ಅವನ ದೋಷ ಒಂದೇ. ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದ.

ನಾಲ್ಕನೆಯ ಯಾತ್ರೆಯಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ, ಬೆಂಗಾವಲಿನಲ್ಲಿ ಸಾಗುತ್ತಿದ್ದ ಶತ್ರು ಹಡಗುಗಳ ಗುಂಪಿನಿಂದ ಹಿಂದುಳಿದಿದ್ದ ಒಂದು ಹಡಗನ್ನು ಹೊಡೆದೆವು. ಆಗ ಬ್ರೂನ್ಸ್‌ಹಾಗೆನ್‌ನ ಲೆಕ್ಕ ಎಂಬತ್ತಮೂರು ಸಾವಿರದಲ್ಲಿತ್ತು. ಅವನು ಮೇಲಿನಿಂದ ಕೂಗಿದ, "ಎರಡು! ಹಿಂದೆ ಇನ್ನೊಂದಕ್ಕೂ ಬಿತ್ತು!"

"ಒಂದೇ, ಕಮಾಂಡರ್" ಎಂದ ಕಾವಲಿನಲ್ಲಿದ್ದ ತ್ಯಾರ್ಕ್. "ಹಿಂದೆ ಕಾಣ್ಸಿದ್ದು ಅದ್ರದ್ದೇ ಹೊಗೆ."

"ನಿನ್ನ ಕಣ್ಣಿಗೆ ಮಂಕು ಬಡ್ದಿದೆ."

"ಇಲ್ಲ, ಕಮಾಂಡರ್. ಒಂದೇ."

ಬ್ರೂನ್ಸ್‌ಹಾಗೆನ್ ಕೆಳಗಿಳಿದು ನನ್ನ ಮೂಲೆಗೆ ಬಂದ. ಎರಡು ಹಡಗು, ಹದಿನಾಲ್ಕು ಸಾವಿರ ಟನ್, ಒಟ್ಟು ತೊಂಬತ್ತೇಳು ಸಾವಿರ ಎಂದು ಮುಖ್ಯ ಕಚೇರಿಗೆ ಕಳಿಸಲು ಉದ್ದದ ಸಂದೇಶ ಬರೆದುಕೊಟ್ಟ. ಕೊನೆಗೆ, ದಯವಿಟ್ಟು ಲೆಕ್ಕ ಖಚಿತಪಡಿಸಿ ಎಂದು ಬೇರೆ. ಪದಕದ ಪಟ್ಟಿ ತಯಾರಾಗುವ ವಾರ ಅದು.

"ಚುಟುಕು ಸಂಕೇತದಲ್ಲಿ ಕಳಿಸಿದ್ರೆ ಸಾಕು ಕಮಾಂಡರ್" ಎಂದೆ. "ಇಷ್ಟುದ್ದ ಕಳಿಸಿದ್ರೆ ನಾವೆಲ್ಲಿದೀವಿ ಅಂತ ಶತ್ರು ಹಡಗಿನೋರಿಗೆ ದಿಕ್ಕು ಸಿಗಬಹುದು."

"ಹಡಗಿನ ಮೇಲಿಂದ ಈ ರೇಡಿಯೋ ಅಲೆಗೆ ದಿಕ್ಕು ಹಿಡಿಯೋಕಾಗಲ್ಲ. ಬರ್ಲಿನ್ನಿನ ಪಂಡಿತರು ಬರೆದುಕೊಟ್ಟಿದಾರೆ. ನೀನು ಅವರಿಗಿಂತ ಬುದ್ಧಿವಂತನಾ?"

ನಮ್ಮವರೆಲ್ಲ ಅದನ್ನು ನಂಬಿದ್ದರು. ಪಂಡಿತರು ಆಗದು ಎಂದು ಬರೆದು ಸಹಿ ಹಾಕಿದ ಮೇಲೆ ಇಂಗ್ಲಿಷರೂ ಅದಕ್ಕೆ ಒಪ್ಪಿಕೊಂಡಿರುತ್ತಾರೆ ಎಂಬ ಧಾಟಿ. ನಾನು ಕಳಿಸಿದೆ. ಎರಡು ಸಲ ಕಳಿಸಿದೆ, ಮೊದಲ ಸಲ ಸರಿಯಾಗಿ ತಲುಪಿರಲಿಲ್ಲ.

ಅರ್ಧ ಗಂಟೆಯಲ್ಲಿ ಮೇಲಿನಿಂದ ತ್ಯಾರ್ಕ್ ಕೂಗಿದ. ಗೆರೆಯಷ್ಟು ಸಣ್ಣ ಹಡಗಿನ ಕಂಬ, ದಿಗಂತದಾಚೆಯಿಂದ ನೇರ ನಮ್ಮ ಕಡೆಗೆ. ಮುಳುಗಲು ಬೇಕಾದಷ್ಟು ಸಮಯವಿತ್ತು, ಮುಳುಗಿದೆವು. ಆದರೂ ಆ ಯುದ್ಧನೌಕೆ ಹುಡುಕದೆ, ತಡಕಾಡದೆ, ತನ್ನ ಮನೆ ಬಾಗಿಲಿಗೆ ಬಂದಂತೆ ನಮ್ಮ ನೆತ್ತಿಯ ಮೇಲೆ ಬಂದು ನಿಂತಿತು. ಏಳು ಗಂಟೆ ಬಾಂಬು ಹಾಕಿತು. ಗಾಳಿ ಮುಗಿಯಿತು, ಬ್ಯಾಟರಿಯ ವಿಷದ ಹೊಗೆ ಗಂಟಲು ಹಿಡಿಯಿತು, ಹಿಂಭಾಗದಲ್ಲಿ ನೀರು ನುಗ್ಗಿತು. ಅಲ್ಲಿದ್ದವರು ಬಾಗಿಲು ಬಡಿಯುತ್ತಿದ್ದರು. ನಾವು ತೆರೆಯಲಿಲ್ಲ. ಕೊನೆಗೆ ದೋಣಿಯನ್ನು ಮೇಲೆತ್ತಿ ಒಬ್ಬೊಬ್ಬರಾಗಿ ಹಾರಿಕೊಂಡೆವು. ಎಲ್ಲರೂ ಹಾರುವ ಮೊದಲೇ ಅದು ಹಿಂಭಾಗ ಮೊದಲಾಗಿ ಹೋಯಿತು. ವೀರಾವೇಶದ ಹೋರಾಟ ಅಂದರೆ ಇದು.

ಇಂಗ್ಲಿಷರು ನಮ್ಮನ್ನು ನೀರಿನಿಂದೆತ್ತಿ ಸೆರೆಹಿಡಿದು ಐಸ್‌ಲ್ಯಾಂಡಿನ ಸಣ್ಣ ಬಂದರಿನಲ್ಲಿ ಇಳಿಸಿದರು. ಇಂಗ್ಲೆಂಡಿಗೆ ಒಯ್ಯುವ ಹಡಗು ಬರಲು ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಅಧಿಕಾರಿ, ನಾವಿಕ ಎಲ್ಲರೂ ಒಂದೇ ಮೀನಿನ ಗೋದಾಮಿನಲ್ಲಿ. ಇಪ್ಪತ್ತೇಳು ಜನ ಯಾಕೆ ಸತ್ತರು ಎಂದು ಹುಡುಗರು ಗೊಣಗತೊಡಗಿದರು. ಅದು ತನ್ನ ಕಡೆ ತಿರುಗುವ ಮೊದಲೇ ಬ್ರೂನ್ಸ್‌ಹಾಗೆನ್ ಮೀನಿನ ಪೆಟ್ಟಿಗೆಗಳನ್ನು ಜೋಡಿಸಿ, ತಪ್ಪಿತಸ್ಥನನ್ನು ನಾವೇ ವಿಚಾರಿಸುವ ಮಾನ ನ್ಯಾಯಾಲಯ ಕರೆದ. ನಮ್ಮವರ ಪದ್ಧತಿಯೇ ಅದು. ಸೆರೆಯಲ್ಲಿ ಕೂತು, ಮೈಯೆಲ್ಲ ಮೀನಿನ ಲೋಳೆ ಮೆತ್ತಿಕೊಂಡು, ಮಾನದ ವಿಚಾರಣೆ ನಡೆಸುವುದು.

ಅದರ ಹಿಂದಿನ ದಿನ ಅವನು ನನ್ನನ್ನು ಮೂಲೆಗೆ ಕರೆದಿದ್ದ. "ಸಂದೇಶದ ವಿಷಯ ಎತ್ತಬೇಡ. ಇಲ್ಲಿ ಗೋಡೆಗೂ ಕಿವಿ ಇದೆ. ರೇಡಿಯೋ ಗುಟ್ಟು ಕಾಪಾಡ್ತೀನಿ ಅಂತ ನೀನು ಪ್ರಮಾಣ ಮಾಡಿದೋನು." ನನಗೆ ಆ ಪ್ರಮಾಣ ತುಂಬ ಅನುಕೂಲವಾಗಿ ಕಂಡಿತು.

ತ್ಯಾರ್ಕ್ ನಿದ್ದೆ ಮಾಡಿದ, ನೌಕೆ ಹತ್ತಿರ ಬರುವ ತನಕ ನೋಡಲಿಲ್ಲ ಎಂಬುದು ಆರೋಪ. ಅವನ ಜೊತೆ ಕಾವಲಿನಲ್ಲಿದ್ದ ಉಳಿದವರೆಲ್ಲ ಸತ್ತಿದ್ದರು. "ನಾನು ದಿಗಂತದಲ್ಲೇ ಕೂಗಿದೆ" ಎಂದ ತ್ಯಾರ್ಕ್. "ಅದು ಬರೋಕೆ ಮುಂಚೆ ಆರ್ನೋ ಉದ್ದಕ್ಕೆ ರೇಡಿಯೋ ಸಂಕೇತ ಕುಟ್ತಾ ಇದ್ದ, ಮೇಲೆ ನಮಗೆ ಕೇಳ್ತಾ ಇತ್ತು. ಅವನನ್ನೇ ಕೇಳಿ."

ಬ್ರೂನ್ಸ್‌ಹಾಗೆನ್ ನನ್ನನ್ನು ಕೇಳಿದ. "ಆವತ್ತು ಬೆಳಿಗ್ಗೆ ಏನಾದ್ರೂ ಕಳಿಸಿದ್ಯಾ?"

"ಇಲ್ಲ" ಎಂದೆ.

ತ್ಯಾರ್ಕ್ ನನ್ನ ಕಡೆ ನೋಡಿ, "ಥೂ" ಎಂದ.

ಬಹಿಷ್ಕಾರ ಹಾಕಿದರು. ಯಾರೂ ಅವನೊಡನೆ ಮಾತಾಡಬಾರದು, ಅವನ ಪರ ಮಾತಾಡಬಾರದು, ಅವನ ಹೆಸರೆತ್ತಬಾರದು. ಬಾಗಿಲ ಗಾಳಿಗೆ ಅವನ ಹಾಸಿಗೆ ಹಾಕಿದರು. ಪಕ್ಕದ್ದು ನನ್ನದು. ಮೂರನೆಯ ವಾರ ಅವನಿಗೆ ಜ್ವರ ಬಂತು, ಎದೆ ಕಟ್ಟಿತು. ಇಂಗ್ಲಿಷ್ ಡಾಕ್ಟರು ಇನ್ನೂರು ಹೆಜ್ಜೆ ದೂರದಲ್ಲಿದ್ದ. ಕಾವಲುಗಾರನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವನ ಹೆಸರೆತ್ತಿದಂತಾಗುತ್ತದೆ. ತಲೆ ಎಣಿಸುವ ಹೊತ್ತಿಗೆ ಇಬ್ಬರು ಅವನನ್ನು ಎತ್ತಿ ನಿಲ್ಲಿಸುತ್ತಿದ್ದರು, ಮತ್ತೆ ಮಲಗಿಸುತ್ತಿದ್ದರು. ಮೂರು ಹಗಲು ಅವನು ನೀರು ಕೇಳಿದ. ಒಮ್ಮೆ ನನ್ನ ತಂಬಿಗೆಯನ್ನು ಅವನ ಕಡೆ ಸರಿಸಿದೆ. ಬ್ರೂನ್ಸ್‌ಹಾಗೆನ್ ತಲೆ ಎತ್ತಿ ನೋಡಿದ, ಅಷ್ಟೆ. ತ್ಯಾರ್ಕ್‌ನ ಕೈ ತಂಬಿಗೆಗೆ ತಾಗುವ ಮೊದಲೇ ನಾನು ಅದನ್ನು ಹಿಂದಕ್ಕೆ ಎಳೆದುಕೊಂಡೆ. ನಾಲ್ಕನೆಯ ದಿನ ಅವನು ಕೇಳಲಿಲ್ಲ.

ಯುದ್ಧ ಮುಗಿದು ಐದು ವರ್ಷದ ಮೇಲೆ ಒಂದು ರೇಡಿಯೋ ಮಾಸಪತ್ರಿಕೆಯಲ್ಲಿ ಓದಿದೆ. ಇಂಗ್ಲಿಷರ ಬೆಂಗಾವಲು ಹಡಗುಗಳಲ್ಲಿ ನಮ್ಮ ಅಲೆಯ ದಿಕ್ಕು ಹಿಡಿಯುವ ಯಂತ್ರ ಆಗಲೇ ಇತ್ತಂತೆ. ಚಿತ್ರವನ್ನೂ ಹಾಕಿದ್ದರು. ಓದಿ, ಪತ್ರಿಕೆಯನ್ನು ಮಡಿಸಿಟ್ಟು, ಗಿರಾಕಿಯ ರೇಡಿಯೋಗೆ ವಾಲ್ವು ಹಾಕಿ ಕೊಟ್ಟೆ. ಇನ್ನೂ ಹನ್ನೊಂದು ವರ್ಷ ಸುಮ್ಮನಿದ್ದೆ.

ಮೇ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ, ಹೈಕೆನ್‌ಡಾರ್ಫಿನ ಹೋಟೆಲಿನಲ್ಲಿ ಊಟ. ಬದುಕಿರುವ ಹನ್ನೊಂದು ಜನ, ಅವರ ಹೆಂಡಿರು, ಸತ್ತವರ ಮನೆಯವರು. ಹುರಿದ ಮೀನು, ಬಿಯರು, ಕುನೋನ ಅವೇ ಮೊಲದ ಜೋಕುಗಳು. ಮೂಲೆಯಲ್ಲಿ ಒಬ್ಬ ಹೆಂಗಸು ಕಪ್ಪು ಕೋಟಿನಲ್ಲಿ, ಮಡಿಲಲ್ಲಿ ಬಟ್ಟೆ ಸುತ್ತಿದ ಗಂಟು ಇಟ್ಟುಕೊಂಡು ಕೂತಿದ್ದಳು. ಕಣ್ಣು ನೋಡಿಯೇ ಗುರುತಾಯಿತು. ತ್ಯಾರ್ಕ್‌ನ ಅಕ್ಕ ಗೇಸ್ಕೆ.

ನೇರ ನನ್ನ ಬಳಿ ಬಂದಳು. "ನೀವೇ ಅಲ್ವಾ ಟೀಡೆಮನ್? ನಮ್ಮ ತ್ಯಾರ್ಕ್ ನಿಮ್ಮ ತೋಳಲ್ಲೇ ಪ್ರಾಣ ಬಿಟ್ಟ ಅಂತ ಕಮಾಂಡರ್ ನಮ್ಮವ್ವಂಗೆ ಬರೆದಿದ್ರು. ಕೊನೇವರ್ಗೂ ನೀವೇ ನೀರು ಕುಡಿಸಿದ್ರಂತೆ. ಅವ್ವ ಸಾಯೋವರ್ಗೂ ಆ ಕಾಗದ ದಿಂಬಿನ ಕೆಳಗಿಟ್ಕೊಂಡಿದ್ಲು."

ನಾನು ಬ್ರೂನ್ಸ್‌ಹಾಗೆನ್ ಕಡೆ ನೋಡಿದೆ. ಅವನು ಕಣ್ಣು ಮಿಟುಕಿಸಿದ. ಎಂಥಾ ಹಂದಿ ನನ್ಮಗ, ಎಂದುಕೊಂಡೆ. ಹಾಗೆಂದುಕೊಂಡಾಗ ಸ್ವಲ್ಪ ಧೈರ್ಯ ಬಂತು.

ಅವನು ಚಮಚದಿಂದ ಲೋಟ ತಟ್ಟಿದ. ನಾನೆದ್ದು ಮೊದಲ ಪುಟ ಓದಿದೆ. ಡಾನ್‌ಜಿಗ್, ಬಾಲ್ಟಿಕ್, ಲೋರಿಯಾಂ. ಹನ್ನೆರಡು ಹಡಗು ಎಂಬಲ್ಲಿಗೆ ಬಂದಾಗ ನಿಲ್ಲಿಸಿದೆ.

"ಏಳು" ಎಂದೆ. "ಏಳೇ ಹಡಗು. ಮೂವತ್ತೊಂದು ಸಾವಿರ ಟನ್ನೂ ಆಗಲ್ಲ. ಪತಾಕೆ ಹೊಲಿದೋನು ನಾನು."

"ಟೀಡೆಮನ್, ಬರೆದಿದ್ದು ಓದಪ್ಪಾ" ಎಂದ ಬ್ರೂನ್ಸ್‌ಹಾಗೆನ್, ನಗುತ್ತಲೇ.

ಓದಲಿಲ್ಲ, ಹೇಳಿದೆ. ಒಂದೇ ಹಡಗನ್ನು ಎರಡು ಮಾಡಿದ್ದು, ಪದಕಕ್ಕಾಗಿ ಉದ್ದದ ಸಂದೇಶ, ನಾನು ಎರಡು ಸಲ ಕಳಿಸಿದ್ದು, ಅದರ ದಿಕ್ಕು ಹಿಡಿದೇ ನೌಕೆ ಬಂದದ್ದು. ತ್ಯಾರ್ಕ್ ದಿಗಂತದಲ್ಲೇ ಕೂಗಿದ್ದ, ನಿದ್ದೆ ಮಾಡಿರಲಿಲ್ಲ, ಗೋದಾಮಿನಲ್ಲಿ ನಾನು ಸುಳ್ಳು ಹೇಳಿದೆ, ಅದರ ಮೇಲೆ ಅವನಿಗೆ ಬಹಿಷ್ಕಾರ ಹಾಕಿದೆವು ಎಂದೂ ಹೇಳಿದೆ. ಹೆಂಗಸೊಬ್ಬಳು ಅಳತೊಡಗಿದಳು. ಕುನೋ ತಟ್ಟೆ ನೋಡುತ್ತಾ, "ಹೌದು, ಕುಟ್ತಾ ಇದ್ದಿದ್ದು ನಂಗೂ ಕೇಳ್ಸಿತ್ತು" ಎಂದ. ಇಷ್ಟು ವರ್ಷ ಅವನಿಗೂ ಗೊತ್ತಿತ್ತು. ಇನ್ನಿಬ್ಬರು ತಲೆಯಾಡಿಸಿದರು. ನಮ್ಮೆಲ್ಲರ ಮೇಲೂ ನನಗೆ ಹೇಸಿಗೆಯಾಯಿತು.

ಬ್ರೂನ್ಸ್‌ಹಾಗೆನ್ ವ್ಯಾಪಾರ ಬಲ್ಲವನು. ಕೋಣೆಯನ್ನೊಮ್ಮೆ ಕಣ್ಣಲ್ಲೇ ತೂಗಿ, ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ. "ಯುದ್ಧದಲ್ಲಿ ತಪ್ಪು ತಿಳುವಳಿಕೆ ಆಗುತ್ತೆ. ನಮ್ಮ ಓಲ್ಟ್‌ಮನ್ಸ್‌ಗೆ ನ್ಯಾಯ ಸಿಗ್ಲಿ. ಇಪ್ಪತ್ತೆಂಟನೇ ಹೆಸರೂ ಕೆತ್ತಿಸೋಣ. ಎಲ್ಲರೂ ಒಪ್ತೀರಲ್ಲ?"

ಎಲ್ಲರೂ ಮೇಜು ಕುಟ್ಟಿ ಒಪ್ಪಿದರು. ಎಷ್ಟು ಬೇಗ ಒಪ್ಪಿದರು! ಅವನನ್ನು ಬಾಗಿಲ ಬಳಿ ಮಲಗಿಸಿದ್ದ ಕೈಗಳೇ ಅವು.

ಗೇಸ್ಕೆ ನನ್ನನ್ನು ಹಿಡಿದು ಕೂರಿಸಿದಳು. ಗಂಟು ಬಿಚ್ಚಿದಳು, ಒಳಗೆ ಒಣದ್ರಾಕ್ಷಿ ಹಾಕಿದ ಬ್ರೆಡ್ಡು. ದಪ್ಪನಾಗಿ ಕೊಯ್ದು, ಬೆಣ್ಣೆ ಸವರಿ ನನ್ನ ಕೈಗಿಟ್ಟಳು.

"ತಿನ್ರಿ. ತ್ಯಾರ್ಕ್‌ಗೆ ಇದು ಪ್ರಾಣ. ನಿಮಗೇ ಅಂತ ಮಾಡ್ಕೊಂಡ್ ಬಂದೆ. ಸುಳ್ಳು ಹೇಳಿದ್ರೂ ಇವತ್ತು ನಿಜ ಹೇಳಿದ್ರಿ. ಇವ್ರೆಲ್ಲ ಮುಖ ತಿರುಗಿಸ್ಕೊಂಡಿದ್ದಾಗ ನೀವಾದ್ರೂ ನೀರು ಕೊಟ್ರಲ್ಲ, ನಂಗೆ ಅಷ್ಟು ಸಾಕು."

ನಾನು ಕಚ್ಚಿದ್ದೆ. ಚೆನ್ನಾಗಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆ ಹೆಂಗಸು ಸಂತೋಷವಾಗಿ ರೈಲು ಹತ್ತುತ್ತಿದ್ದಳು, ನಾನು ಒಳ್ಳೆಯವನಾಗಿ ಅಂಗಡಿಗೆ ಹೋಗುತ್ತಿದ್ದೆ. ಎದುರಿಗೆ ಬ್ರೂನ್ಸ್‌ಹಾಗೆನ್ ನನ್ನನ್ನೇ ನೋಡುತ್ತಿದ್ದ. ಗೋದಾಮಿನಲ್ಲಿ ನೋಡಿದಂತೆಯೇ, ಅವನಿಗೆ ಬೇಕಾದಂತೆ ನಡೆದುಕೊಳ್ಳುತ್ತೇನೆಂಬ ನಂಬಿಕೆಯಿಂದ.

"ಕೊಡಲಿಲ್ಲ" ಎಂದೆ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ. "ಮೂರು ದಿನ ಕೇಳ್ದ. ಒಂದ್ಸಲ ತಂಬಿಗೆ ಸರಿಸಿ ವಾಪಸ್ ಎಳ್ಕೊಂಡೆ. ಡಾಕ್ಟರು ಅಲ್ಲೇ ಇದ್ರು. ನಾವು ಯಾರೂ ಹೇಳಲಿಲ್ಲ."

ಅವಳು ಚಾಕುವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎದ್ದಳು. ನನ್ನ ಕೈಯಲ್ಲಿದ್ದ ಉಳಿದ ಚೂರನ್ನು ತೆಗೆದುಕೊಂಡಳು, ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿದಳು, ಗಂಟು ಹಾಕಿದಳು. ಬ್ರೂನ್ಸ್‌ಹಾಗೆನ್ ಅವಳತ್ತ ಬಂದು, "ಹೆಸರಿನ ಕಾಗುಣಿತ ಒಂದ್ಸಲ ಬರೆದುಕೊಟ್ರೆ ಕೆತ್ತೋರಿಗೆ..." ಎಂದು ಪೆನ್ನು ಚಾಚಿದ.

"ನನ್ನ ತಮ್ಮನ ಹೆಸರು ಹಾಕ್ಬೇಡಿ" ಎಂದಳು. ದನಿ ಏರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಅವನು ನಿಮ್ಮ ಜೊತೆಯೋನಲ್ಲ."

ಬಾಗಿಲು ಮುಚ್ಚಿಕೊಂಡಿತು. ಯಾರೋ ಬಿಯರು ತರಲು ಹೇಳಿದರು. ಆ ತುತ್ತು ಇನ್ನೂ ನನ್ನ ಬಾಯಲ್ಲೇ ಇತ್ತು. ಎದ್ದು ಹೋಗಿ ಉಗುಳಬೇಕಿತ್ತು. ಎಲ್ಲರೂ ನೋಡುತ್ತಿದ್ದರು, ನುಂಗಿದೆ.